ಹೊಸ ಪಿಸ್ಟನ್ ಹಾಕಿದರೂ ಮತ್ತೆ ಸೀಜ್: ಟೂ-ಸ್ಟ್ರೋಕ್ ಇಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವವರಿಗೆ

ಓಡುತ್ತಿದ್ದ ಗಾಡಿಯ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. ಹಿಂದಿನ ಚಕ್ರ ಕಿರ್ರ್ ಎಂದು ಕಚ್ಚಿಕೊಂಡಿತು. ಇಂಜಿನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಂತಿತ್ತು. ಕ್ಲಚ್ ಹಿಡಿದು ಪಕ್ಕಕ್ಕೆ ಹಾಕಿದೆ. ಸ್ವಲ್ಪ ಆರಿದ ಮೇಲೆ ಕಿಕ್ ಹೊಡೆದರೆ ಕಾಲು ಸಲೀಸಾಗಿ ಕೆಳಗಿಳಿಯಿತು, ತಡೆಯೇ ಇಲ್ಲ. ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ), ಹೊಸ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗ್ ಹಾಕಿ ಇನ್ನೂ 200 ಕಿಲೋಮೀಟರ್ ಆಗಿರಲಿಲ್ಲ.

ಪಿಸ್ಟನ್ನೇ ಸರಿಯಿಲ್ಲ ಎಂದು ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು. ಮೊದಲ ಸಲ ಹಳೇ ಪಿಸ್ಟನ್ ಹೊರಗೆ ಬಂದಾಗ ಅದನ್ನು ನೋಡದೆ ಡಬ್ಬಕ್ಕೆ ಎಸೆದಿದ್ದೆ. ಕಾಯಿಲೆ ಏನು ಅಂತ ಅದರ ಮೈಮೇಲೇ ಬರೆದಿತ್ತು. ಹೊಸ ಪಿಸ್ಟನ್ ಕೊಳ್ಳುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ತಿಳಿಯಬೇಕು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಿಚ್ಚುವ ಮೊದಲು

ಕಿಕ್ ಹಗುರ, ಪಿಕಪ್ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೂರೂ ಇದ್ದರೆ ರಿಂಗ್ ಹೋಗಿದೆ ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಾಗಿ ನಿಜವೂ ಹೌದು. ಆದರೂ ಪ್ಲಗ್ ಜಾಗಕ್ಕೆ ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಗೇಜ್) ಹಾಕಿ ಒಮ್ಮೆ ನೋಡಿ. ಇಂಜಿನ್ ಬಿಸಿಯಿರಲಿ, ಆಕ್ಸಿಲರೇಟರ್ ಪೂರ್ತಿ ತೆರೆದಿರಲಿ, ಮುಳ್ಳು ಏರುವುದು ನಿಲ್ಲುವವರೆಗೂ ಕಿಕ್ ಹೊಡೆಯಿರಿ. ಆಕ್ಸಿಲರೇಟರ್ ಮುಚ್ಚಿಕೊಂಡು ಅಳೆದರೆ ಒಳ್ಳೇ ಇಂಜಿನ್ ಕೂಡ ಸತ್ತಂತೆ ಕಾಣುತ್ತದೆ. ನಿಮ್ಮ ಇಂಜಿನ್‌ಗೆ ಎಷ್ಟಿರಬೇಕು ಎನ್ನುವುದು ಅದರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಣ್ಣ ಟೂ-ಸ್ಟ್ರೋಕ್‌ಗಳಲ್ಲಿ 100 ಪಿಎಸ್‌ಐಗಿಂತ ಕೆಳಗೆ ಬಂದರೆ ಅನುಮಾನ ಪಡಬೇಕು. ಇನ್ನೊಂದು ಮಾತು: ಉದ್ದ ಪೈಪಿನ ಗೇಜ್ ಸಣ್ಣ ಸಿಲಿಂಡರ್‌ನಲ್ಲಿ ಕಡಿಮೆ ತೋರಿಸುತ್ತದೆ. ಹಾಗಾಗಿ ಬೇರೆಯವರ ಗೇಜಿನ ಅಂಕಿಗೂ ನಿಮ್ಮದಕ್ಕೂ ಹೋಲಿಸಬೇಡಿ. ಇಂಜಿನ್ ಚೆನ್ನಾಗಿದ್ದಾಗ ಅದೇ ಗೇಜಿನಲ್ಲಿ ನೋಡಿ ಬರೆದಿಟ್ಟುಕೊಂಡಿದ್ದರೆ ಅದೇ ಬಂಗಾರ.

ಕಂಪ್ರೆಶನ್ ಸರಿಯಿದ್ದು ಗಾಡಿ ಮಾತ್ರ ಎಳೆಯುತ್ತಿಲ್ಲ ಅಂದರೆ ಹೆಡ್‌ಗೆ, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳಕ್ಕೆ, ಕೈ ಹಾಕಬೇಡಿ. ಮೊದಲು ಸೈಲೆನ್ಸರ್ ಬಿಚ್ಚಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಉರಿದು ಕಾರ್ಬನ್ ಕಟ್ಟುತ್ತದೆ, ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಬಾಯಿ ಅರ್ಧ ಮುಚ್ಚಿಹೋಗಿರುತ್ತದೆ. ಅಷ್ಟು ಕೆರೆದು ತೆಗೆದರೇ ಎಷ್ಟೋ ಗಾಡಿಗಳು ಮತ್ತೆ ಜೀವ ತುಂಬಿಕೊಳ್ಳುತ್ತವೆ.

ಇಂಜಿನ್ ಬಿಪಿ ನೋಡುವುದು

ಇಂಜಿನ್ ಒಳಗೆ ಗಾಳಿಯ ಒತ್ತಡ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ ಇದು. ನಾನು ಬಿಟ್ಟುಬಿಟ್ಟದ್ದು ಇದನ್ನೇ. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಕೂಡ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಪೆಟ್ರೋಲ್, ಗಾಳಿ, ಆಯಿಲ್ ಮೂರನ್ನೂ ಒಳಗೆಳೆಯುತ್ತದೆ. ಪಿಸ್ಟನ್ ಇಳಿದಾಗ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಆ ಕೋಣೆಗೆ ಎಲ್ಲಾದರೂ ಸಣ್ಣ ತೂತು ಬಿದ್ದರೆ ಕಾರ್ಬುರೇಟರ್ ದಾಟದ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಜೊತೆ ಬರುವ ಆಯಿಲೂ ಕಡಿಮೆ. ಪಿಸ್ಟನ್ ಕಾಯುತ್ತದೆ, ಹಿಗ್ಗುತ್ತದೆ, ಕಚ್ಚುತ್ತದೆ.

ಓಡಿಸುವಾಗಲೇ ಇದರ ಸುಳಿವು ಸಿಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯುವುದಿಲ್ಲ, ಮೇಲೇ ನೇತಾಡುತ್ತದೆ. ಐಡ್ಲಿಂಗ್ ಒಂದೊಂದು ಹೊತ್ತಿಗೆ ಒಂದೊಂದು ತರ. ನನ್ನ ಗಾಡಿಯೂ ಹೀಗೇ ಮಾಡುತ್ತಿತ್ತು. ನಾನು ಐಡ್ಲಿಂಗ್ ಸ್ಕ್ರೂ ಇಳಿಸಿ ಸುಮ್ನಾದೆ.

ಪರೀಕ್ಷೆ ಕಷ್ಟದ್ದಲ್ಲ. ಇಂಜಿನ್ ತಣ್ಣಗಿರಲಿ, ಪ್ಲಗ್ ಅದರ ಜಾಗದಲ್ಲೇ ಇರಲಿ. ಸೈಲೆನ್ಸರ್ ಬಿಚ್ಚಿ ಆ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ತುಂಡು, ಮೇಲೊಂದು ತಗಡು ಇಟ್ಟು ಬಿಗಿಯಿರಿ. ಕಾರ್ಬುರೇಟರ್ ತೆಗೆದು ಅದು ಕೂರುವ ರಬ್ಬರ್ ಕೊಳವೆಗೆ ಬಿರಡೆ ಹಾಕಿ, ಬಿರಡೆಯಲ್ಲೊಂದು ಸಣ್ಣ ನಳಿಗೆ ಇರಲಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಆಗ ಮೇಲೆ ಕೆಳಗೆ ಎಲ್ಲ ಒಂದೇ ಕೋಣೆಯಾಗುತ್ತದೆ. ಇನ್ನು ಗಾಳಿ ತುಂಬಬೇಕು. ಬೇಕಾದ ಒತ್ತಡ ಸುಮಾರು 6 ಪಿಎಸ್‌ಐ ಮಾತ್ರ. ಮುಳ್ಳಿನ ಗೇಜ್ ಇರುವ ಹಳೇ ಬಿಪಿ ಮಿಷನ್ ಇದ್ದರೆ ಅದರ ಬಲ್ಬು, ಗೇಜು ಎರಡೂ ಇದಕ್ಕೆ ಹೇಳಿ ಮಾಡಿಸಿದಂತಿವೆ. ಅದರಲ್ಲಿ 300 ತೋರಿಸಿದರೆ ಹೆಚ್ಚುಕಡಿಮೆ 6 ಪಿಎಸ್‌ಐ. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ನೇರವಾಗಿ ಸಿಕ್ಕಿಸಬೇಡಿ, ಸರಿಯಿದ್ದ ಸೀಲೂ ಎದ್ದು ಬರುತ್ತದೆ.

ಒಂದು ನಿಮಿಷದಲ್ಲಿ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚುತ್ತಾ ಹೋಗಿ. ಮೊದಲು ನೀವೇ ಹಾಕಿದ ಬಿರಡೆ, ತಗಡುಗಳ ಸುತ್ತ. ಆಮೇಲೆ ಸಿಲಿಂಡರ್ ಕೂರುವ ಜಾಗದ ಪ್ಯಾಕಿಂಗ್, ಹೆಡ್ ಅಂಚು, ಕಾರ್ಬುರೇಟರ್‌ನ ರಬ್ಬರ್ ಬುಡ, ಪ್ಲಗ್. ಇವೆಲ್ಲ ಸರಿಯಿದ್ದರೆ ಮ್ಯಾಗ್ನೆಟ್ ಕವರ್ ತೆಗೆದು ಅದರ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಸುತ್ತ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ನೋಡಿ.

ಅಲ್ಲೇ ಸಿಕ್ಕಿತು ನನ್ನ ಕಳ್ಳ. ಮ್ಯಾಗ್ನೆಟ್ ತೆಗೆದು ಸೀಲಿನ ತುಟಿಗೆ ಎರಡು ಹನಿ ಸೋಪಿನ ನೀರು ಬಿಟ್ಟೆ. ಕಡಲೆಯಷ್ಟು ದೊಡ್ಡ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬೆರಳಲ್ಲಿ ಒತ್ತಿದರೆ ಸೀಲಿನ ರಬ್ಬರ್ ಪ್ಲಾಸ್ಟಿಕ್‌ನಂತೆ ಗಟ್ಟಿ. ಇಷ್ಟು ಚಿಕ್ಕ ಸೀಲಿಗೆ ಎರಡು ಪಿಸ್ಟನ್ ಬಲಿಯಾಗಿದ್ದವು.

ಇನ್ನೊಂದು ಬದಿಯ, ಅಂದರೆ ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಲಕ್ಷಣವೇ ಬೇರೆ. ಇಂಜಿನ್ ಗೇರ್ ಆಯಿಲ್ ಹೀರಿಕೊಳ್ಳುತ್ತದೆ. ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಗೇರ್ ಆಯಿಲ್ ಕಾರಣವಿಲ್ಲದೆ ಇಳಿಯುತ್ತಾ ಹೋಗುತ್ತದೆ. ಒತ್ತಡ ತುಂಬಿಟ್ಟು, ಗೇರ್ ಆಯಿಲ್ ಹಾಕುವ ತೂತಿಗೆ ಸೋಪಿನ ಪೊರೆ ಹಚ್ಚಿ ನೋಡಿ. ಅದು ಉಬ್ಬಿದರೆ ಆ ಸೀಲ್ ಹೋಗಿದೆ.

ಹಳೇ ಪಿಸ್ಟನ್ ಓದುವುದು

ಹೆಡ್ ನಟ್‌ಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸಿಲಿಂಡರನ್ನು ನೇರ ಮೇಲೆತ್ತಿ. ಪಿಸ್ಟನ್ ಕೆಳಗಿನ ಬಾಯಿ ಕಾಣುತ್ತಿದ್ದಂತೆ ಅದಕ್ಕೆ ಶುದ್ಧ ಬಟ್ಟೆ ತುರುಕಿ. ಇದನ್ನು ಮರೆತರೆ ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ) ಲಾಕ್ ಚಿಮ್ಮಿ ನೇರ ಕ್ರ್ಯಾಂಕ್‌ಕೇಸಿಗೇ ಬೀಳುತ್ತದೆ. ಬೇರೆಲ್ಲೂ ಬೀಳುವುದಿಲ್ಲ, ನಂಬಿ. ಪಿನ್ ಬಿಗಿಯಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಪಿಸ್ಟನ್‌ಗೆ ಸುತ್ತಿದರೆ ಹೆಚ್ಚಾಗಿ ಬೆರಳಲ್ಲೇ ಬರುತ್ತದೆ.

ಪಿಸ್ಟನ್ ಒರೆಸದೆ ಬೆಳಕಿಗೆ ಹಿಡಿಯಿರಿ. ಗೀರು ಯಾವ ಬದಿಯಲ್ಲಿದೆ? ಅದರಲ್ಲೇ ಅರ್ಧ ಉತ್ತರ ಇದೆ.

ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರು, ಅಲ್ಯುಮಿನಿಯಂ ಸವರಿದಂತೆ ಹೊಳಪು ಇದ್ದರೆ ಇಂಜಿನ್ ಅತಿಯಾಗಿ ಕಾದಿದೆ. ಪಿಸ್ಟನ್ನಿನ ಅತಿ ಬಿಸಿ ಬದಿ ಅದು, ಮೊದಲು ಹಿಗ್ಗುವುದು ಅಲ್ಲೇ. ಗಾಳಿ ಸೋರಿಕೆ, ಕಟ್ಟಿಕೊಂಡ ಜೆಟ್, ಸರಿಯಾಗಿ ಪೆಟ್ರೋಲ್ ಇಳಿಸದ ಟ್ಯಾಪ್ ಹುಡುಕಿ. ನನ್ನ ಎರಡನೇ ಪಿಸ್ಟನ್ ಹೀಗೇ ಇತ್ತು. ಎದುರು ಬದಿಯಲ್ಲಿ ಕಾರ್ಖಾನೆಯ ಸಣ್ಣ ಗೆರೆಗಳು ಹೊಸದರಂತೆಯೇ ಉಳಿದಿದ್ದವು. ಈ ಬದಿ ಮಾತ್ರ ಬೆಣ್ಣೆ ಸವರಿದ ಹಾಗೆ, ಮೇಲಿನ ರಿಂಗ್ ಅರ್ಧ ಮುಚ್ಚಿಹೋಗಿತ್ತು.

ಗೀರು ಇನ್ಟೇಕ್ ಬದಿಗೂ, ಅಂದರೆ ಕಾರ್ಬುರೇಟರ್ ಕಡೆಗೂ, ಹಬ್ಬಿದ್ದರೆ ಆಯಿಲ್ ಸಾಲದೇ ಬಂದಿದೆ ಎಂದು ಅನುಮಾನಿಸಿ. ಆ ಬದಿ ಸದಾ ತಣ್ಣಗೆ, ಆಯಿಲಿನಲ್ಲಿ ಮಿಂದಿರುತ್ತದೆ. ಅದೂ ಒಣಗಿತು ಅಂದರೆ ಆಯಿಲ್ ಪಂಪು, ಅದರ ಕೇಬಲ್, ಪೈಪಿನೊಳಗಿನ ಗಾಳಿಗುಳ್ಳೆ ನೋಡಬೇಕು. ಗೀರಿಲ್ಲದೆ ಅದೇ ಬದಿ ಮಂಕಾಗಿ, ಸವೆದು ಬೂದು ಬಣ್ಣಕ್ಕೆ ತಿರುಗಿದ್ದರೆ ಧೂಳು. ಏರ್ ಫಿಲ್ಟರ್ ಹರಿದಿದೆ, ಇಲ್ಲವೇ ಅದರ ಅಂಚು ಸರಿಯಾಗಿ ಕೂತಿಲ್ಲ.

ನಾಲ್ಕು ಮೂಲೆಯಲ್ಲಿ ನಾಲ್ಕು ಗೀರು ಇದ್ದರೆ ತಣ್ಣನೆಯ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಹಿಂಡಿದ್ದೀರಿ. ಪಿಸ್ಟನ್ ಬೇಗ ಹಿಗ್ಗುತ್ತದೆ, ಸಿಲಿಂಡರ್ ನಿಧಾನ. ಬೋರ್ ತೀರಾ ಬಿಗಿಯಾಗಿ ಮಾಡಿಸಿದರೂ ಇದೇ ಗುರುತು.

ತಲೆಯ ಅಂಚಿನಲ್ಲಿ ಮರಳು ಬಡಿದಂತೆ ಸಣ್ಣ ಗುಳಿಗಳಿದ್ದರೆ ಅದು ನಾಕಿಂಗ್, ಅಂದರೆ ಪೆಟ್ರೋಲ್ ಹದತಪ್ಪಿ ಸಿಡಿದು ಉರಿಯುವುದು. ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದಿದೆ, ಇಲ್ಲವೇ ಕಂಪ್ರೆಶನ್ ಅತಿಯಾಗಿದೆ, ಇಲ್ಲವೇ ಪೆಟ್ರೋಲಿನ ಆಕ್ಟೇನ್ ಸಾಲದು. ಇದರ ಮುಂದಿನ ಹಂತ ಪಿಸ್ಟನ್ ತಲೆಯಲ್ಲಿ ತೂತು. ಪಿನ್ನಿನ ನೇರಕ್ಕೆ ಒಂದೇ ಒಂದು ಆಳವಾದ ಗೆರೆ ಇದ್ದರೆ ಲಾಕ್ ಕಳಚಿ ಗೋಡೆ ಕೆರೆದಿದೆ. ರಿಂಗಿನ ಕೆಳಗೆ ಕಂದು, ಕಪ್ಪು ಕಲೆ ಇಳಿದಿದ್ದರೆ ಉರಿದ ಗಾಳಿ ರಿಂಗ್ ದಾಟಿ ಬರುತ್ತಿದೆ. ಅದು ಬರೀ ಸವಕಳಿ, ಹೆದರಬೇಕಿಲ್ಲ.

ಇನ್ನು ಪಿಸ್ಟನ್ ಮಗುಚಿ ತಲೆಯ ಒಳಭಾಗ ನೋಡಿ. ತಿಳಿ ಕಂದು ಬಣ್ಣ ಪರವಾಗಿಲ್ಲ. ಕಪ್ಪಗೆ ಸುಟ್ಟು ಹೆಪ್ಪುಗಟ್ಟಿದ್ದರೆ ಇಂಜಿನ್ ಬಹಳ ದಿನದಿಂದ ಬಿಸಿಯಲ್ಲೇ ನರಳಿದೆ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಹೇಳಿಬಿಡುತ್ತೇನೆ. ಸೀಜ್ ಆಯಿತು ಅಂತ ಪೆಟ್ರೋಲಿಗೆ ಮನಸ್ಸಿಗೆ ಬಂದಷ್ಟು ಆಯಿಲ್ ಸುರಿಯುವವರಿದ್ದಾರೆ. ಜೆಟ್ಟಿನಿಂದ ಇಳಿಯುವುದು ಅಷ್ಟೇ, ಅದರಲ್ಲಿ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆಯಾಗುತ್ತದೆ ಅಲ್ವಾ? ಇಂಜಿನ್ ಇನ್ನಷ್ಟು ಕಾಯುತ್ತದೆ. 40ಕ್ಕೆ 1 ಎಂದು ಹೇಳಿದ್ದರೆ ಲೀಟರಿಗೆ 25 ಮಿ.ಲೀ., 50ಕ್ಕೆ 1 ಎಂದರೆ 20 ಮಿ.ಲೀ. ಅಳೆದು ಹಾಕಿ, ಅಷ್ಟೇ.

ಬೋರ್: ರಿಂಗೇ ಅಳತೆಗೋಲು

ಬೋರ್ ಗೇಜ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ಒಂದು ಹೊಸ ರಿಂಗ್, ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳ ಗೊಂಚಲು) ಇದ್ದರೆ ಸವಕಳಿ ಎಷ್ಟು ಅಂತ ಸಾಕಷ್ಟು ಸರಿಯಾಗಿ ಹೇಳಬಹುದು.

ರಿಂಗನ್ನು ಸಿಲಿಂಡರ್ ಒಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನಿಧಾನ ತಳ್ಳಿ. ಹೀಗೆ ತಳ್ಳಿದರೆ ರಿಂಗ್ ಓರೆಯಾಗುವುದಿಲ್ಲ. ಮೊದಲು ಪೋರ್ಟ್‌ಗಳ ಕೆಳಗೆ, ಪಿಸ್ಟನ್ ರಿಂಗ್ ಎಂದೂ ತಲುಪದ ಜಾಗದಲ್ಲಿ ನಿಲ್ಲಿಸಿ ರಿಂಗಿನ ಬಾಯಿಯ ಸಂದು, ಅಂದರೆ ಅದರ ಎರಡು ತುದಿಗಳ ನಡುವಿನ ಅಂತರ, ಅಳೆಯಿರಿ. ಆಮೇಲೆ ಮೇಲೆ, ರಿಂಗ್ ಅತಿ ಹೆಚ್ಚು ಉಜ್ಜುವ ಜಾಗದಲ್ಲಿ ಅಳೆಯಿರಿ. ಕೆಳಗೆ 0.25 ಮಿ.ಮೀ., ಮೇಲೆ 0.55 ಮಿ.ಮೀ. ಬಂತು ಅನ್ನೋಣ. ವ್ಯತ್ಯಾಸ 0.30. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.1. ಬೋರಿನ ವ್ಯಾಸ ಮೇಲ್ಗಡೆ ಅಷ್ಟು ಸವೆದಿದೆ. ಸುತ್ತಳತೆ ಹಿಗ್ಗಿದಷ್ಟೂ ರಿಂಗಿನ ಬಾಯಿ ತೆರೆಯುತ್ತದೆ, ಅದಕ್ಕೇ ಈ ಲೆಕ್ಕ. 0.1 ಮಿ.ಮೀ. ಅಂದರೆ ಬೋರಿಂಗ್ ಮಾಡಿಸಲೇಬೇಕು. ಬರೀ ಹೊಸ ರಿಂಗ್ ಹಾಕಿ ಸಂತೋಷಪಟ್ಟರೆ ಅದು ಕೆಲವೇ ದಿನದ ಸಂತೋಷ. ಬೋರ್ ಮೊಟ್ಟೆಯಂತೆ ಅಂಡಾಕಾರವಾಗಿ ಸವೆದಿದ್ದರೆ ಮಾತ್ರ ಈ ಉಪಾಯಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಗೇಜೇ ಬೇಕು.

50 ಮಿ.ಮೀ. ಸುತ್ತಮುತ್ತಲಿನ ಬೋರಿಗೆ ಹೊಸ ರಿಂಗಿನ ಸಂದು ಸುಮಾರು 0.2 ಮಿ.ಮೀ. ಇರುತ್ತದೆ. ತೀರಾ ಕಡಿಮೆಯಿದ್ದರೆ ಬಿಸಿಯಾದಾಗ ತುದಿಗಳು ಡಿಕ್ಕಿ ಹೊಡೆದು ರಿಂಗ್ ಮುರಿಯುತ್ತದೆ. ಹಾಗಾಗಿ ಹೊಸ ರಿಂಗನ್ನು ಬೋರ್ ಅತಿ ಕಿರಿದಾದ ಜಾಗದಲ್ಲೂ ಅಳೆಯಬೇಕು.

ಬೋರಿಂಗ್‌ಗೆ ಕೊಡುವ ಮೊದಲು ಒಳಗೋಡೆಗೆ ಆಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣದ ಲೈನರ್, ಬೋರ್ ಮಾಡಬಹುದು. ಇಲ್ಲದಿದ್ದರೆ ಅಲ್ಯುಮಿನಿಯಂ ಮೇಲೆ ನಿಕ್ಕಲ್ ಅಥವಾ ಕ್ರೋಮ್ ಲೇಪನ. ಅದನ್ನು ಬೋರ್ ಮಾಡುವಂತಿಲ್ಲ. ಲೇಪನ ಎದ್ದಿದ್ದರೆ ಮತ್ತೆ ಲೇಪನವೇ ಮಾಡಿಸಬೇಕು, ಇಲ್ಲವೇ ಸಿಲಿಂಡರೇ ಬದಲು.

ಕಬ್ಬಿಣದ ಲೈನರ್‌ಗೆ ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೀಗೆ ಸಿಗುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಜೊತೆಗೇ ಲೇತ್ ಕೆಲಸದವರಿಗೆ ಕೊಡಿ. ಕೈಯಲ್ಲಿರುವ ಪಿಸ್ಟನ್‌ಗೆ ಅಳೆದೇ ಬೋರ್ ಮಾಡಬೇಕು, ಡಬ್ಬಿಯ ಮೇಲಿನ ಅಂಕಿ ನಂಬಿ ಅಲ್ಲ. ವಾಪಸ್ ಬಂದ ಮೇಲೆ ಪೋರ್ಟ್‌ಗಳ ಅಂಚಿಗೆ ಬೆರಳು ಸವರಿ. ಚೂಪಾಗಿದ್ದರೆ ಆ ಅಂಚು ರಿಂಗನ್ನು ಹಿಡಿದು ಮುರಿಯುತ್ತದೆ. ಅಂಚುಗಳನ್ನು ಮೊಂಡು ಮಾಡಿದ ಮೇಲೆ ಸೋಪು, ಬಿಸಿನೀರು ಹಾಕಿ ಬ್ರಷ್‌ನಲ್ಲಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಅಂಟಬಾರದು. ಪೆಟ್ರೋಲಿನಲ್ಲಿ ಒರೆಸಿದರೆ ಸಾಲದು, ಹೋನಿಂಗ್ ಕಲ್ಲಿನ ಪುಡಿ ಗೋಡೆಯ ಗೆರೆಗಳಲ್ಲೇ ಕೂತಿರುತ್ತದೆ. ತೊಳೆದ ತಕ್ಷಣ ಒಣಗಿಸಿ ಆಯಿಲ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಕೂರಿಸುವುದು

ಕನೆಕ್ಟಿಂಗ್ ರಾಡನ್ನು ಪೂರ್ತಿ ಮೇಲೆ ತಂದು ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಟಕ್ ಎನ್ನಬಾರದು. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಆಡುತ್ತಿದ್ದರೆ ಕೆಳಗಿನ ಬೇರಿಂಗ್ ಹೋಗಿದೆ, ಮೇಲ್ಭಾಗ ಕಟ್ಟಿ ಉಪಯೋಗವಿಲ್ಲ. ಮೇಲಿನ ಸೂಜಿ ಬೇರಿಂಗ್ ಅಥವಾ ಪಿನ್ ನೀಲಿಗಟ್ಟಿದ್ದರೆ ಎರಡನ್ನೂ ಬದಲಿಸಿ.

ಪಿಸ್ಟನ್ ತಲೆಯ ಬಾಣ ಎಕ್ಸಾಸ್ಟ್ ಕಡೆಗೆ. ರಿಂಗಿನ ಮೇಲಿನ ಅಕ್ಷರ ಮೇಲ್ಮುಖ. ಪಿಸ್ಟನ್ನಿನ ರಿಂಗ್ ತೋಡಿನಲ್ಲಿರುವ ಸಣ್ಣ ಮೊಳೆ ರಿಂಗಿನ ಬಾಯಿಗೆ ಸರಿಯಾಗಿ ಕೂರಬೇಕು. ರಿಂಗ್ ತಿರುಗಿ ಪೋರ್ಟಿಗೆ ಬಾಯಿ ಕೊಡದಂತೆ ತಡೆಯುವುದೇ ಆ ಮೊಳೆ. ಲಾಕ್‌ಗಳು ಹೊಸವೇ ಇರಲಿ, ಹಳೆಯದನ್ನು ಮತ್ತೆ ಹಾಕಬೇಡಿ. ಲಾಕಿನ ತೆರೆದ ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಕೂತಿತೋ ಇಲ್ಲವೋ ನೋಡಲು ಸಣ್ಣ ಸ್ಕ್ರೂ ಡ್ರೈವರ್‌ನಿಂದ ಸ್ವಲ್ಪ ತಿರುಗಿಸಿ. ತೋಡಿನಲ್ಲೇ ಬಿಗಿಯಾಗಿ ಜಾರಬೇಕು.

ಎಲ್ಲಕ್ಕೂ ಟೂ-ಸ್ಟ್ರೋಕ್ ಆಯಿಲ್ ಸವರಿ. ಬೆರಳಲ್ಲಿ ರಿಂಗ್ ಅದುಮಿಕೊಂಡು ಸಿಲಿಂಡರ್ ಇಳಿಸಿ. ಇಳಿಸುವಾಗ ಎಡಕ್ಕೆ ಬಲಕ್ಕೆ ತಿರುಗಿಸಬೇಡಿ, ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಪಟ್ ಎನ್ನುತ್ತದೆ. ಬಟ್ಟೆ ತೆಗೆದಿರಾ? ಇನ್ನೊಮ್ಮೆ ನೋಡಿ.

ಹೆಡ್ ನಟ್ ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಅಲ್ಯುಮಿನಿಯಂನಲ್ಲಿರುವ ತಿರುಪಿನ ಥ್ರೆಡ್ ಕಿತ್ತುಬರಲು ಬಹಳ ಬಲ ಬೇಕಿಲ್ಲ.

ಸ್ಟಾರ್ಟ್ ಮಾಡುವ ಮೊದಲೂ ಆಮೇಲೂ

ಒತ್ತಡದ ಪರೀಕ್ಷೆ ಮತ್ತೊಮ್ಮೆ ಮಾಡಿ. ಹೊಸ ಪ್ಯಾಕಿಂಗ್ ಸರಿಯಾಗಿ ಕೂತಿದೆಯೋ ಈಗಲೇ ಗೊತ್ತಾಗಬೇಕು, ರಸ್ತೆಯಲ್ಲಲ್ಲ. ಆಯಿಲ್ ಪಂಪಿನ ಗಾಡಿಯಾದರೆ ಪೈಪಿನ ಗಾಳಿ ತೆಗೆಯಿರಿ.

ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಹಗುರವಾಗಿ ಓಡಿಸಿ ಆಫ್ ಮಾಡಿ. ಪೂರ್ತಿ ಆರಲು ಬಿಡಿ. ಹೀಗೆ ಎರಡು ಮೂರು ಸಲ. ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ಪರೀಕ್ಷಿಸಿ. ಆಮೇಲೆ ಮೊದಲ ಟ್ಯಾಂಕ್ ಮುಗಿಯುವವರೆಗೆ ಒಂದೇ ವೇಗದಲ್ಲಿ ಉದ್ದಕ್ಕೂ ಓಡಿಸಬೇಡಿ, ಟಾಪ್ ಗೇರಿನಲ್ಲಿ ಎಳೆಸಲೂಬೇಡಿ.

ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ಇಂಜಿನ್ ತಕ್ಷಣ ಐಡ್ಲಿಂಗ್‌ಗೆ ಇಳಿಯಬೇಕು. ನೇತಾಡಿದರೆ ಆಫ್ ಮಾಡಿ, ಸೋಪಿನ ನೀರು ಹುಡುಕಿ. ಇಳಿಯುತ್ತಿದ್ದರೂ 50 ಕಿಲೋಮೀಟರ್ ಆದಾಗ ಸೈಲೆನ್ಸರ್ ಒಮ್ಮೆ ಬಿಚ್ಚಿ, ಪಿಸ್ಟನ್ ಮೇಲೆ ತಂದು ಪೋರ್ಟಿನೊಳಗೆ ಟಾರ್ಚ್ ಬಿಡಿ. ಎಕ್ಸಾಸ್ಟ್ ಬದಿಯ ಮೈ ಅಲ್ಲಿ ನೇರ ಕಾಣುತ್ತದೆ. ಸೀಲ್ ಬದಲಿಸಿದ ಮೇಲೆ ನಾನು ನೋಡಿದಾಗ ಕಾರ್ಖಾನೆಯ ಸಣ್ಣ ಗೆರೆಗಳು ಆ ಬದಿಯಲ್ಲೂ ಹಾಗೇ ಇದ್ದವು. ಸೈಲೆನ್ಸರ್ ವಾಪಸ್ ಬಿಗಿದೆ.